ಸ್ಟೆಪ್ನಿಗೂ ಸರದಿ ಬರಲಿ



ಹೊಸ ಅಕ್ಕಿ ಬಂದಾಗ ಹಳೆಯ ಮೂಟೆಯನ್ನು ಮುಂದಕ್ಕೆಳೆದು ಹೊಸದನ್ನು ಹಿಂದಿಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ಮೂಟೆಯನ್ನು ವಾಶಿ ಮಾರ್ಕೆಟಿನಿಂದ ಹೊತ್ತು ತರುವ ಗಾಡಿಯ ಟಯರಿನ ವಿಷಯ ಬಂದಾಗ ಈ ಬುದ್ಧಿ ಎಲ್ಲಿಗೆ ಹೋಗುತ್ತದೋ! ನಾಲ್ಕು ಟಯರು ಹಾಕಿದ ಜಾಗದಲ್ಲೇ ಸವೆದು ಬೋಳಾಗುತ್ತವೆ. ಐದನೆಯದು, ಅಂದರೆ ಸ್ಟೆಪ್ನಿ, ಒಂದು ಮೈಲಿಯೂ ಓಡದೆ ಮುದಿಯಾಗುತ್ತದೆ.

ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಈಕೋ ಅಥವಾ ಟಾಟಾ ಏಸ್. ಎರಡಕ್ಕೂ ಇಂಜಿನಿನ ಎಳೆತ ಹಿಂದಿನ ಚಕ್ರಕ್ಕೆ. ಹಂಡೆ, ಸಿಲಿಂಡರು, ಸಾಂಬಾರಿನ ಡಬ್ಬ ಎಲ್ಲದರ ಭಾರವೂ ಅಲ್ಲಿಗೇ. ಮುಂದಿನವು ಹೊರಳಿಸಿ ಹೊರಳಿಸಿ ಅಂಚಿನಲ್ಲಿ ಸವೆಯುತ್ತವೆ. ವಿಕ್ರೋಳಿ ಪಾರ್ಕ್‌ಸೈಟಿನ ಗಲ್ಲಿಗಳಲ್ಲಿ ದಿನಕ್ಕೆ ಎಷ್ಟು ಸಲ ಗಾಡಿ ತಿರುಗಿಸಬೇಕೆಂದು ಇಲ್ಲಿಯವರಿಗೆ ಗೊತ್ತು. 2025ರ ಜೂನ್‌ನಲ್ಲಿ ರೈಲ್ವೆ ಮೇಲ್ಸೇತುವೆ ತೆರೆದ ಮೇಲೆ ಪೂರ್ವ-ಪಶ್ಚಿಮ ಸುತ್ತಾಟ ಕಡಿಮೆಯಾಯಿತು. ಹೊಂಡಗಳು ಮಾತ್ರ ಪ್ರತೀ ಮಳೆಗಾಲಕ್ಕೆ ಹಾಜರು.

ಸ್ಟೆಪ್ನಿ ಎಂಬ ಹೆಸರು ಬಂದದ್ದು ಬ್ರಿಟನ್ನಿನ ವೇಲ್ಸ್‌ನಿಂದ. ಅಲ್ಲಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಹೆಚ್ಚುವರಿ ಚಕ್ರದ ತಯಾರಿಕೆ ಶುರುವಾಯಿತು. ಬೀದಿಯ ಹೆಸರು ನಮ್ಮ ಪಂಕ್ಚರ್ ಅಂಗಡಿಯ ಮಾತಾಯಿತು. ಆಗ ಅದು ಆಪತ್ತಿಗೆಂದೇ ಇದ್ದ ಚಕ್ರ. ಈಗ ನಮ್ಮ ಗಾಡಿಗಳಲ್ಲಿರುವುದು ಸಾಮಾನ್ಯವಾಗಿ ಉಳಿದ ನಾಲ್ಕರ ಅಳತೆಯದ್ದೇ. ಹಾಗಿರುವಾಗ ಅದನ್ನೂ ಸರದಿಗೆ ಸೇರಿಸಬಹುದು.

ಎಂಟು-ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹೀಗೆ ಮಾಡಿಸಿ: ಹಿಂದಿನ ಎರಡನ್ನೂ ಅದೇ ಬದಿಯಲ್ಲಿ ಮುಂದಕ್ಕೆ ತನ್ನಿ. ಮುಂದಿನ ಬಲಗಡೆಯದು ಹಿಂದಿನ ಎಡಕ್ಕೆ ಹೋಗಲಿ. ಸ್ಟೆಪ್ನಿ ಹಿಂದಿನ ಬಲಕ್ಕೆ, ಮುಂದಿನ ಎಡಗಡೆಯದು ಸ್ಟೆಪ್ನಿಯ ಜಾಗಕ್ಕೆ. ಐದು ಸಲಕ್ಕೆ ಪ್ರತಿಯೊಂದೂ ಎಲ್ಲ ಜಾಗ ಸುತ್ತಿ ಬರುತ್ತದೆ. ಐದೂ ಹೊಸದಾಗಿರುವಾಗಲೇ ಶುರು ಮಾಡಬೇಕು. ಅರ್ಧ ಸವೆದದ್ದರ ಜೊತೆ ಹೊಸ ಸ್ಟೆಪ್ನಿ ಕಟ್ಟಿದರೆ ಎತ್ತರ ವ್ಯತ್ಯಾಸವಾಗಿ ಡಿಫರೆನ್ಷಿಯಲ್‌ಗೆ ಪೆಟ್ಟು. ಒಂದೇ ದಿಕ್ಕಿಗೆ ತಿರುಗಬೇಕೆಂದು ಬಾಣದ ಗುರುತಿರುವ ಟಯರಿಗೆ, ಸಣ್ಣ ಸ್ಟೆಪ್ನಿ ಕೊಡುವ ಕಾರಿಗೆ ಈ ಲೆಕ್ಕ ನಡೆಯದು. ಜಾಗ ಬದಲಾದ ಮೇಲೆ ಹಿಂದೆ-ಮುಂದೆ ಗಾಳಿ ಸರಿಪಡಿಸಿ. ಐವತ್ತು-ನೂರು ಕಿಲೋಮೀಟರು ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.

ಇದರಿಂದ ದುಡ್ಡು ಉಳಿಯುತ್ತದೆಯೇ? ಲೆಕ್ಕಕ್ಕೆಂದು ಒಂದು ಟಯರು 40,000 ಕಿಲೋಮೀಟರು ಬಾಳುತ್ತದೆ ಅನ್ನಿ. ನಾಲ್ಕೇ ಓಡಿದರೆ ಅಷ್ಟಕ್ಕೇ ಸೆಟ್ ಮುಗಿಯಿತು. ಐದೂ ಸರದಿಯಲ್ಲಿ ಓಡಿದರೆ 50,000ದವರೆಗೆ ಬರುತ್ತದೆ. ಮ್ಯಾಜಿಕ್ಕೇನಿಲ್ಲ. ಐದನೆಯದಕ್ಕೂ ನಾವು ಮೊದಲೇ ದುಡ್ಡು ಕೊಟ್ಟಿದ್ದೇವೆ, ಅಷ್ಟೇ. ಓಡಿಸದಿದ್ದರೆ ಅದು ಬಿಸಿಲು, ಕೆಸರು, ಬಿಸಿ ಗಾಳಿಗೆ ಒಣಗಿ ಬಿರುಕು ಬಿಡುತ್ತದೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ ಮಾಲು. ಗುಂಡಿಗಳು ಹೊಸದರ ಹಾಗೆ ಕಂಡರೂ ಮೊದಲು ಈ ಅಂಕಿಯನ್ನು ನೋಡಿ.

ನನಗೆ ದುಡ್ಡಿಗಿಂತ ದೊಡ್ಡ ವಿಷಯ ಬೇರೆ ಇದೆ. ಮದುವೆ ಊಟದ ಗಾಡಿ ಹೈವೇಯಲ್ಲಿ ನಿಂತರೆ ಮುಹೂರ್ತ ನಮಗಾಗಿ ಕಾಯುವುದಿಲ್ಲ. ಅದನ್ನು ಹೇಗೋ ಸಂಭಾಳಿಸಬಹುದು. ಆದರೆ ಕುದಿಯುವ ಸಾಂಬಾರಿನ ಹಂಡೆಯ ಪಕ್ಕ, ಪಾತ್ರೆಗಳ ನಡುವೆ ಕುಳಿತು ಬರುವವರು ನಮ್ಮ ಹುಡುಗರು. ಊರಿನಿಂದ ನಮ್ಮನ್ನು ನಂಬಿ ಬಂದವರು. ಅವರನ್ನು ಹಾಗೆ ಕೂರಿಸುವುದೇ ತಪ್ಪು ಎಂದು ನಾನು ಮೀಟಿಂಗಿನಲ್ಲೂ ಹೇಳುತ್ತೇನೆ. ಹಾಗೆ ಕೂರಿಸಿ, ಕೆಳಗೆ ಬೋಳು ಟಯರು ಬೇರೆ ಇದ್ದರೆ ಆ ಧಣಿಗೆ ಏನನ್ನಬೇಕು?

"ಅದೆಲ್ಲ ಡ್ರೈವರ್ ನೋಡಿಕೊಳ್ಳುತ್ತಾನೆ" ಎನ್ನುವವರಿದ್ದಾರೆ. ಟಯರು ಸರದಿ ಮಾಡಿಸಲು ಗಾಡಿ ಅರ್ಧ ದಿನ ನಿಲ್ಲಬೇಕು. ಬಿಡುವು ಕೊಡುವುದು ಧಣಿಯೋ ಡ್ರೈವರೋ? ಸಿಲಿಂಡರಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಕೊನೆಯ ಸರದಿಯ ಕಿಲೋಮೀಟರನ್ನೂ ಬರೆದಿಡಿ, ಆಗ ಯಾರೂ ಮರೆಯುವುದಿಲ್ಲ. ಸೀಸನ್ನಿನಲ್ಲಿ ಬಾಡಿಗೆ ಟೆಂಪೋ ಕರೆಯುವವರು ಪಾತ್ರೆ ಏರಿಸುವ ಮೊದಲು ಒಮ್ಮೆ ಬಗ್ಗಿ ಸ್ಟೆಪ್ನಿ ನೋಡಿ, ಗಾಳಿ ಇದೆಯೇ ಎಂದು ಒತ್ತಿಸಿ. ಇಲ್ಲದಿದ್ದರೆ ಬೇರೆ ಗಾಡಿ ಕರೆಸಿ.