ಶಿಬಿರಕ್ಕೆ ಮುನ್ನ ಮನೆಮನೆಯ ವಿಚಾರಣೆ

ಶ್ರೀಮಠದ ಭಕ್ತರಲ್ಲಿ ಅನೇಕರಿಗೆ ಕಲ್ಲುಗುಂಡಿ ಬಸ್ಸಿನ ಕಿಟಕಿಯಿಂದ ಕಂಡ ಊರು. ಮಡಿಕೇರಿಯಿಂದ ಘಟ್ಟವಿಳಿದು ಸುಳ್ಯದತ್ತ ಸಾಗುವಾಗ ಹೆದ್ದಾರಿಯ ಬದಿಯಲ್ಲಿ ಅಂಗಡಿಸಾಲು, ಸನಿಹದಲ್ಲೇ ಪಯಸ್ವಿನಿ ಹೊಳೆ, ಅದರಾಚೆ ಅಡಕೆ ಮತ್ತು ರಬ್ಬರಿನ ತೋಟಗಳು, ಮತ್ತೆ ಕಾಡು. ಕೆಲವು ವರ್ಷಗಳ ಹಿಂದೆ ಈ ಭಾಗದಲ್ಲಿ ಏರ್ಪಟ್ಟಿದ್ದ ಒಂದು ಉಚಿತ ಆರೋಗ್ಯ ಶಿಬಿರಕ್ಕೆ ನಾವೂ ಹೋಗಿದ್ದೆವು. ಬೆಳಗಿನ 9 ಗಂಟೆಯಿಂದ ಮಧ್ಯಾಹ್ನ 1ರವರೆಗೆ ಬಂದವರಲ್ಲಿ ಬಹುಪಾಲು ವೃದ್ಧರು. ಅವರು ಹೇಳಿದ್ದು ಬಹುಪಾಲು ಮಂಡಿನೋವು. ಕೊಂಡೊಯ್ದಿದ್ದ ಮಹಾನಾರಾಯಣ ತೈಲವೂ ಯೋಗರಾಜ ಗುಗ್ಗುಲುವೂ ಊಟದ ಹೊತ್ತಿಗೆ ಮುಗಿದವು. ಈ ಊರಿನ ಮುಖ್ಯ ವ್ಯಾಧಿ ಸಂಧಿವಾತವೆಂದು ನಾವು ಮನಸ್ಸಿನಲ್ಲಿಯೇ ತೀರ್ಪು ಬರೆದುಕೊಂಡೆವು.

ಸಾಮಾನು ಕಟ್ಟುವಾಗ ಅಲ್ಲಿದ್ದ ಆಶಾ ಕಾರ್ಯಕರ್ತೆಯೊಬ್ಬರು ಮೆಲ್ಲನೆ ಹೇಳಿದರು: “ಡಾಕ್ಟ್ರೇ, ನೀವು ಬಂದದ್ದು ಜನ ಇಲ್ಲದ ಹೊತ್ತಿಗೆ ಅಲ್ವಾ?”

ಆ ಮಾತು ನಿಜವಾಗಿತ್ತು. ರಬ್ಬರು ಟ್ಯಾಪಿಂಗ್ ಮಾಡುವವರು ಬೆಳಕು ಹರಿಯುವ ಮುನ್ನವೇ ತಲೆಗೆ ದೀಪ ಕಟ್ಟಿಕೊಂಡು ತೋಟಕ್ಕಿಳಿಯುತ್ತಾರೆ. ಹಾಲು ಸಂಗ್ರಹಿಸಿ, ಹಾಳೆ ಒತ್ತಿ ಮನೆ ಸೇರುವಾಗ ಮಧ್ಯಾಹ್ನ. ಮಕ್ಕಳು ಶಾಲೆಯಲ್ಲಿ. ಬೀಡಿ ಕಟ್ಟುವ, ಅಡಕೆ ಸುಲಿಯುವ ಹೆಂಗಸರಿಗೆ ಕೆಲಸ ಬಿಟ್ಟೆದ್ದರೆ ಆ ದಿನದ ಸಂಪಾದನೆಗೆ ಕೊರತೆ. ನಾವು ಪರೀಕ್ಷಿಸಿದ್ದು ಊರನ್ನಲ್ಲ, ಆ ಹೊತ್ತಿಗೆ ಬಿಡುವಿದ್ದವರನ್ನು. ಚಿಕಿತ್ಸಾಲಯದ ದಾಖಲೆ ಪುಸ್ತಕದ ಕಥೆಯೂ ಇದೇ. ಬಂದವರ ಹೆಸರು ಅದರಲ್ಲಿ ಇರುತ್ತದೆ. ಬಾರದವನ ವ್ಯಾಧಿ ಎಲ್ಲಿಯೂ ಬರೆಯಲ್ಪಡುವುದಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಯಾವ ಊರಿನಲ್ಲೇ ಆಗಲಿ, ಶಿಬಿರ ನಡೆಸುವ ಮುನ್ನ ಮನೆಮನೆಗೆ ಹೋಗಿ ಪ್ರತಿಯೊಂದು ವಯಸ್ಸಿನವರನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು. ಸಮೀಕ್ಷೆ ಎಂದೊಡನೆ ಈಚೆಗೆ ಎಲ್ಲರಿಗೂ 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯೂ ಜಾತಿಯ ಕಾಲಂನ ಚರ್ಚೆಯೂ ನೆನಪಾಗುತ್ತವೆ. ನಾವು ಹೇಳುತ್ತಿರುವುದು ಅದಲ್ಲ.

ಇದು ಆಯುರ್ವೇದಕ್ಕೆ ಹೊರಗಿನ ವಿಚಾರವೆಂದು ಭಾವಿಸಬೇಕಿಲ್ಲ. ಚರಕಸಂಹಿತೆಯ ವಿಮಾನಸ್ಥಾನದ 8ನೇ ಅಧ್ಯಾಯವು, ರೋಗಿಯು ಎಂತಹ ನೆಲದಲ್ಲಿ ಹುಟ್ಟಿ ಬೆಳೆದನು, ಅಲ್ಲಿನ ಜನರ ಆಹಾರವಿಹಾರಗಳೇನು, ಬಲವೆಷ್ಟು, ಅಲ್ಲಿ ಸಾಮಾನ್ಯವಾಗಿ ಕಾಣುವ ವ್ಯಾಧಿಗಳು ಯಾವುವು ಎಂಬುದನ್ನು ವೈದ್ಯನು ತಿಳಿದಿರಬೇಕೆನ್ನುತ್ತದೆ. ಅದೇ ಅಧ್ಯಾಯದಲ್ಲಿ ವಯಸ್ಸು ಸಹ ಪರೀಕ್ಷೆಯ ಒಂದು ಅಂಗ: 30ರವರೆಗೆ ಬಾಲ, 60ರವರೆಗೆ ಮಧ್ಯ, ಅನಂತರ ಜೀರ್ಣ. ಅನೂಪದೇಶದ ಮಳೆ, ತೇವ, ಕೆಸರುಗಳ ನಡುವೆ ಇರುವ ಕಲ್ಲುಗುಂಡಿಯ ಪ್ರಶ್ನಾವಳಿ ಗದಗದ ಊರಿಗೆ ಹೊಂದದು. ಅಲ್ಲಿಯದು ಇಲ್ಲಿಗೆ ಹೊಂದದು.

ಎಣಿಸಿ ನೋಡಿದ್ದರಿಂದ ಆದ ಉಪಕಾರಕ್ಕೆ ಉದಾಹರಣೆ ದೂರದಲ್ಲಿಲ್ಲ. ಪುತ್ತೂರು, ಸುಳ್ಯಗಳಿಗೆ ನೆರೆಯಾದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ಅವರು ವೃತ್ತಿ ನಡೆಸುತ್ತಿದ್ದಾಗ, ಒಂದೇ ಪರಿಸರದ ಮನೆಗಳಿಂದ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ, ಅರ್ಬುದಗಳು ಮತ್ತೆಮತ್ತೆ ಬರುತ್ತಿರುವುದನ್ನು ಗಮನಿಸಿದರು. ಸುತ್ತಲಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಣೆ ನಡೆದಿತ್ತು. ಒಬ್ಬೊಬ್ಬ ರೋಗಿಯನ್ನು ಪ್ರತ್ಯೇಕವಾಗಿ ನೋಡಿದರೆ ಅದು ಆ ಮನೆಯ ದುರದೃಷ್ಟ. ಮನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಅದಕ್ಕೆ ಬೇರೆ ಅರ್ಥ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಬಂದು ಪಡ್ರೆಯ ಮಕ್ಕಳನ್ನು, ಸಿಂಪಡಣೆ ಕಾಣದ ಮೀಂಜದ ಮಕ್ಕಳೊಡನೆ ಹೋಲಿಸಿದರು. 10ರಿಂದ 19 ವಯಸ್ಸಿನ 117 ಬಾಲಕರನ್ನು ಬೇರೆಡೆಯ 90 ಬಾಲಕರೊಂದಿಗೆ ಹೋಲಿಸಿದಾಗ ಅವರ ಪ್ರೌಢತೆಯ ಬೆಳವಣಿಗೆ ತಡವಾಗಿರುವುದು ಕಂಡುಬಂದಿತು. ಯಾವ ತಂದೆತಾಯಿಯೂ ಈ ದೂರನ್ನು ಹೊತ್ತು ವೈದ್ಯರಲ್ಲಿಗೆ ಹೋಗುತ್ತಿರಲಿಲ್ಲ. ಆ ವಯಸ್ಸಿನವರನ್ನೇ ಹುಡುಕಿ ಕೇಳಿದ್ದರಿಂದ ತಿಳಿಯಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಡೆ ಎಂಡೋಸಲ್ಫಾನಿನ ಉತ್ಪಾದನೆ ಮತ್ತು ಮಾರಾಟವನ್ನು ತಡೆಯಿತು. ದಕ್ಷಿಣ ಕನ್ನಡದ ಕೊಕ್ಕಡದಂತಹ ಗೇರು ತೋಟದ ಊರುಗಳಲ್ಲಿಯೂ ಆ ವಿಷದ ಫಲವನ್ನು ಉಣ್ಣುತ್ತಿರುವ ಮನೆಗಳಿವೆ.

ಸರ್ಕಾರದ ಏರ್ಪಾಡುಗಳು ಇಲ್ಲವೆಂದಲ್ಲ. ಹುಟ್ಟಿನಿಂದ 18ರವರೆಗಿನ ಮಕ್ಕಳ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅದರ ತಂಡಗಳಲ್ಲಿ ನಮ್ಮ ಆಯುರ್ವೇದದ ವೈದ್ಯರೂ ಅನೇಕರಿದ್ದಾರೆ. 30 ದಾಟಿದವರಿಗೆ ಮಧುಮೇಹ, ರಕ್ತದೊತ್ತಡಗಳ ವಿಚಾರಣೆಯನ್ನು ಆಶಾ ಕಾರ್ಯಕರ್ತೆಯರು ಮನೆಗೇ ಬಂದು ನಡೆಸುತ್ತಾರೆ. ನಡುವೆ ಉಳಿದವರು 18ರಿಂದ 30ರವರು: ಬೆಳಗಿನ ಜಾವ ತೋಟದಲ್ಲಿರುವ ತರುಣ, ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಗರ್ಭಿಣಿಯಾದರೆ ಸೊಸೆ ಲೆಕ್ಕಕ್ಕೆ ಬರುತ್ತಾಳೆ, ಅದಕ್ಕೆ ಮೊದಲು ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ. ಇದು ರಾಜ್ಯದ ಸರಾಸರಿ. ಕಲ್ಲುಗುಂಡಿಯ ಯಾವ ಮನೆಯ ಯಾವ ಹೆಣ್ಣುಮಗಳೆಂದು ಅದು ಹೇಳದು.

ಕೇಳುವ ರೀತಿಯಲ್ಲಿಯೇ ಅರ್ಧ ಕೆಲಸವಿದೆ. ಇಲ್ಲಿ ಒಂದು ಮನೆಯಲ್ಲಿ ಅರೆಭಾಷೆ, ಪಕ್ಕದಲ್ಲಿ ತುಳು, ಮತ್ತೊಂದರಲ್ಲಿ ಮಲಯಾಳ ಅಥವಾ ಬ್ಯಾರಿ; ತಾಲ್ಲೂಕಿನ ರಬ್ಬರು ತೋಟಗಳಲ್ಲಿ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ತರುವಾಯ ಶ್ರೀಲಂಕೆಯಿಂದ ಬಂದ ತಮಿಳರ ಕುಟುಂಬಗಳಿವೆ. “ಸಂಧಿಶೂಲವಿದೆಯೇ?” ಎಂದು ಅಚ್ಚು ಹಾಕಿಸಿದ ಹಾಳೆ ಹಿಡಿದು ಹೋದರೆ “ಇಲ್ಲ” ಎಂಬ ಉತ್ತರವೇ ಬಂದೀತು. ಕುಳಿತಲ್ಲಿಂದ ಏಳಲು ಏನನ್ನಾದರೂ ಹಿಡಿಯಬೇಕೇ ಎಂದು ಕೇಳಬೇಕು. ಮನೆಯ ಯಜಮಾನನೊಬ್ಬನನ್ನೇ ಕೇಳಿ ಎಲ್ಲರ ಉತ್ತರವನ್ನು ಬರೆದುಕೊಳ್ಳುವುದಂತೂ ಸಲ್ಲದು. ಅತ್ತೆಯ ಎದುರಿನಲ್ಲಿ ಸೊಸೆ ತನ್ನ ಬಿಳಿಸೆರಗಿನ ವಿಚಾರವನ್ನು ಹೇಳಳು. ಮಗನ ಎದುರಿನಲ್ಲಿ ಮುದುಕರು ಮೂತ್ರ ತಡೆಯಲಾಗದೆಂಬುದನ್ನು ಹೇಳರು.

ಸಿದ್ಧ ನಮೂನೆಗಳಲ್ಲಿ ಇಲ್ಲದ ಪ್ರಶ್ನೆಗಳೂ ಉಂಟು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದು ಮೇಲಿನ ಜನ ಮನೆಮಾರು ಬಿಟ್ಟು ಕೆಳಗಿಳಿದರು. 2022ರ ಜೂನ್ ಕೊನೆಯಲ್ಲಿ ಸಂಪಾಜೆ, ಚೆಂಬು, ಕಲ್ಲುಗುಂಡಿಗಳಲ್ಲಿ ಭೂಮಿ ಮತ್ತೆಮತ್ತೆ ಕಂಪಿಸಿತು. ಆಗಸ್ಟಿನ ಆರಂಭದಲ್ಲಿ ಕಲ್ಲುಗುಂಡಿಯ ಪೇಟೆಗೇ ನೆರೆ ನುಗ್ಗಿತು. ಮಳೆಯ ಸದ್ದು ಜೋರಾದರೆ ರಾತ್ರಿ ನಿದ್ರೆ ಬರುತ್ತದೆಯೇ ಎಂದು ಇವರನ್ನು ಯಾರಾದರೂ ಕೇಳಬೇಕಷ್ಟೆ. ಮಕ್ಕಳನ್ನೂ ಕೇಳಬೇಕು, ಒಂಟಿಯಾಗಿರುವ ವೃದ್ಧರನ್ನೂ ಕೇಳಬೇಕು. ಎರಡರ ಉತ್ತರ ಒಂದೇ ಆಗಿರದು. ಹಾಗೆಯೇ ಮಳೆಗಾಲದಲ್ಲಿ ಜ್ವರ ಬಂದ ತೋಟದ ಕೆಲಸಗಾರನು ಎಷ್ಟನೆಯ ದಿನ ವೈದ್ಯರ ಬಳಿ ಹೋದನೆಂಬುದು. ಇಲಿಜ್ವರವಾದರೆ ಮೊದಲ ದಿನಗಳಲ್ಲಿಯೇ ಆಸ್ಪತ್ರೆಗೆ ಸೇರಬೇಕು, ಪ್ರತಿಜೈವಿಕ ಔಷಧ ಬೇಕು. ಮನೆಯಲ್ಲಿ ಕಷಾಯ ಕುದಿಸುತ್ತ ಕುಳಿತು ಮೂತ್ರಪಿಂಡ ಕಳೆದುಕೊಳ್ಳಬಾರದು. ಆಯುರ್ವೇದದ ವೈದ್ಯರಾಗಿಯೇ ನಾವು ಈ ಮಾತನ್ನು ಹೇಳುತ್ತಿದ್ದೇವೆ.

ಕೇಳಿ ಬರೆದುಕೊಂಡು ಹೋದವರು ಮತ್ತೆ ಮುಖ ತೋರಿಸದಿದ್ದರೆ ಮುಂದಿನ ಸಲ ಜನ ಬಾಗಿಲು ತೆರೆಯುವುದಿಲ್ಲ, ತೆರೆಯಬೇಕಾಗಿಯೂ ಇಲ್ಲ. ಹೆಸರುಗಳನ್ನು ಗುಟ್ಟಾಗಿರಿಸಿ, ಒಟ್ಟು ಕಂಡದ್ದನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಂದು ಪ್ರತಿ ಕೊಡಬೇಕು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ವೈದ್ಯಕೀಯ ಮಹಾವಿದ್ಯಾಲಯವೂ ಆಯುರ್ವೇದ ಮಹಾವಿದ್ಯಾಲಯವೂ ಇವೆ. ಅಲ್ಲಿಯ ವಿದ್ಯಾರ್ಥಿಗಳು, ಸ್ಥಳೀಯ ಆಶಾ ಕಾರ್ಯಕರ್ತೆಯರು, ಊರಿನ ಭಾಷೆ ಬಲ್ಲ ಒಬ್ಬಿಬ್ಬರು ಭಕ್ತರು ಸೇರಿದರೆ ಒಂದು ವಾರ್ಡಿನ ಮನೆಗಳಿಗೆ ನಾಲ್ಕಾರು ಸಂಜೆಗಳು ಸಾಕು.

ಶ್ರೀಮಠದ ಹೆಸರಿನಲ್ಲಿ ಊರೂರುಗಳಲ್ಲಿ ಶಿಬಿರ ನಡೆಸುವ ಭಕ್ತರಲ್ಲಿ ನಮ್ಮ ವಿನಂತಿ ಇದು: ಔಷಧದ ಪಟ್ಟಿಯನ್ನೂ ಶಾಮಿಯಾನದ ಮುಂಗಡವನ್ನೂ ಎರಡು ತಿಂಗಳು ತಡೆಹಿಡಿಯಿರಿ. ಆ ಅವಧಿಯಲ್ಲಿ ಮನೆಮನೆಗೆ ಹೋಗಿ ಬನ್ನಿ, ಸಂಜೆ 5ರ ಮೇಲೆ. ಶಿಬಿರದ ದಿನವನ್ನೂ ವೇಳೆಯನ್ನೂ ಆ ಊರಿನವರೇ ಗೊತ್ತುಪಡಿಸಲಿ. ಕಲ್ಲುಗುಂಡಿಯ ಕಡೆಗೆ ಮುಂದಿನ ಸಲ ನಾವು ಹೋಗುವುದು ಭಾನುವಾರ ಮಧ್ಯಾಹ್ನದ ಮೇಲೆ.