ಸಾಹಸ ಯಾವುದು?

ಸಾರಕ್ಕಿ ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿದ್ದ ಹಳ್ಳಿ. ನಗರವು ದಕ್ಷಿಣಕ್ಕೆ ಬೆಳೆಯುತ್ತ ಬಂದಂತೆ ಅದರ ಹೊಲಗಳು ಬಡಾವಣೆಗಳಾದುವು. ಹೆಸರು ಕೆರೆಗೂ ಮಾರುಕಟ್ಟೆಗೂ ಉಳಿದುಕೊಂಡಿತು. ನಸುಕಿನಲ್ಲಿಯೇ ಸೊಪ್ಪಿನ ಕಟ್ಟುಗಳನ್ನೂ ಹೂವಿನ ಕುಕ್ಕೆಗಳನ್ನೂ ಇಳಿಸಿಕೊಂಡು ಅಲ್ಲಿ ಕೂರುವ ಹೆಂಗಸರನ್ನು ಸಾಹಸಿಗಳೆಂದು ಯಾರೂ ಕರೆಯುವುದಿಲ್ಲ. ಆದರೆ ಸಂಜೆಯೊಳಗೆ ಬಾಡಿಹೋಗುವ ಸರಕಿನ ಮೇಲೆ ಕೈಯಲ್ಲಿದ್ದ ಹಣವನ್ನು ಹೂಡಿ, ಇಂದು ನಷ್ಟವಾದರೂ ನಾಳೆ ಮತ್ತೆ ಬಂದು ಕೂರುವುದು ಸಾಹಸವಲ್ಲದೆ ಮತ್ತೇನು?

'ಸಾಹಸ' ಎಂಬ ಮಾತಿಗೆ ಹಿಂದಿನ ಧರ್ಮಶಾಸ್ತ್ರಗಳಲ್ಲಿ ಒಳ್ಳೆಯ ಅರ್ಥವಿರಲಿಲ್ಲ. ಬಲಾತ್ಕಾರದಿಂದ ಎಸಗಿದ ಅಪರಾಧಕ್ಕೆ ಅಲ್ಲಿ ಆ ಹೆಸರು. ಕಾವ್ಯದಲ್ಲಿ ಅದಕ್ಕೆ ವೀರದ ಕಳೆ ಬಂದಿತು. ರನ್ನನ ಗದಾಯುದ್ಧಕ್ಕೆ 'ಸಾಹಸಭೀಮವಿಜಯ'ವೆಂದೇ ಇನ್ನೊಂದು ಹೆಸರು. ಆದರೆ ಭೀಮನ ಸಾಹಸಕ್ಕಿಂತ ಕವಿಯ ಬಾಳಿನ ಸಾಹಸ ಕಡಿಮೆಯದೇನಲ್ಲ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ವಿದ್ಯೆಯನ್ನು ಅರಸಿ ಊರು ಬಿಟ್ಟನು, ಅಜಿತಸೇನಾಚಾರ್ಯರ ಶಿಷ್ಯನಾದನು, ಕೊನೆಗೆ ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನು. 993ರಲ್ಲಿ ಅಜಿತಪುರಾಣವನ್ನು ರಚಿಸಿದಾಗ, ಅಷ್ಟು ಎತ್ತರಕ್ಕೇರಿದ ಮೇಲೆಯೂ, ತನ್ನ ಕುಲದ ಕಸುಬನ್ನು ಅವನು ಮರೆಮಾಚಲಿಲ್ಲ.

ಸಾವಿರ ವರ್ಷ ದಾಟಿ ಈ ಕಾಲಕ್ಕೆ ಬಂದರೂ ಅಂಥವರಿಗೆ ಕೊರತೆಯಿಲ್ಲ. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಾಲತಿ ಹೊಳ್ಳ ಅವರು ಒಂದು ವರ್ಷದ ಕೂಸಾಗಿದ್ದಾಗ ಜ್ವರ ಬಂದು ಮೈಯೆಲ್ಲ ಸ್ವಾಧೀನ ತಪ್ಪಿತು. ವರ್ಷಗಟ್ಟಲೆ ವಿದ್ಯುತ್ ಚಿಕಿತ್ಸೆ ನಡೆದ ಮೇಲೆ ಸೊಂಟದ ಮೇಲಣ ಭಾಗಕ್ಕೆ ಮಾತ್ರ ಬಲ ಬಂದಿತು. ಮುಂದೆ ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ. ಬಾಲ್ಯದ ಬಹುಭಾಗ ಮನೆಯಿಂದ ದೂರ. ಯಾವ ಗಾಲಿಕುರ್ಚಿಯನ್ನು ಲೋಕವು ನಿಸ್ಸಹಾಯತೆಯ ಗುರುತೆಂದು ಬಗೆಯುತ್ತದೆಯೋ ಅದನ್ನೇ ಅವರು ಪಂದ್ಯದ ಅಂಗಳಕ್ಕೆ ಇಳಿಸಿದರು. 1988ರಲ್ಲಿ ಸೋಲ್ ನಗರದ ಪ್ಯಾರಾಲಿಂಪಿಕ್ ಕ್ರೀಡಾಕೂಟಕ್ಕೆ ಹೋದರು. 1995ರಲ್ಲಿ ಅರ್ಜುನ ಪ್ರಶಸ್ತಿಯೂ 2001ರಲ್ಲಿ ಪದ್ಮಶ್ರೀಯೂ ಅವರನ್ನು ಅರಸಿ ಬಂದುವು. ಬ್ಯಾಂಕಿನ ಉದ್ಯೋಗದಲ್ಲಿದ್ದುಕೊಂಡೇ ಅಂಗವಿಕಲ ಮಕ್ಕಳಿಗಾಗಿ ಮಾತೃ ಪ್ರತಿಷ್ಠಾನವನ್ನೂ ಕಟ್ಟಿದರು.

ಇಷ್ಟರಿಂದ ಕಷ್ಟವೇ ಒಳ್ಳೆಯದೆಂದು ತಿಳಿಯಬಾರದು. ಎಷ್ಟೋ ಮಕ್ಕಳ ಕಾಲುಗಳ ಬಲವನ್ನು ಕಸಿದ ಪೋಲಿಯೊ ರೋಗವನ್ನು ಭಾರತವು ಮನೆಮನೆಯ ಮಕ್ಕಳಿಗೂ ಹನಿ ಹಾಕಿಸಿ ಓಡಿಸಿತು. 2014ರ ಮಾರ್ಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಪೋಲಿಯೊಮುಕ್ತವೆಂಬ ಮನ್ನಣೆಯನ್ನು ಪಡೆಯಿತು. ತಡೆಯಬಹುದಾದ ದುಃಖವನ್ನು 'ಮನುಷ್ಯನನ್ನು ಗಟ್ಟಿಮಾಡುತ್ತದೆ' ಎಂದು ಹೊಗಳಿ ಇರಗೊಡುವವನು ಸಾಹಸಿಯಲ್ಲ, ನಿರ್ದಯಿ. ತಡೆಯಬಲ್ಲುದನ್ನು ತಡೆದು, ತಡೆಯಲಾರದುದನ್ನು ಎದೆಗೊಟ್ಟು ಎದುರಿಸುವುದೇ ವಿವೇಕ.

ನಗರದ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪು. ಮಗನು ಪರೀಕ್ಷೆಯಲ್ಲಿ ಒಂದು ವಿಷಯ ತಪ್ಪಿದರೆ ಮನೆಗೆ ಮನೆಯೇ ಸೂತಕ ಹಿಡಿದಂತೆ ಕುಳಿತುಬಿಡುತ್ತದೆ. ಮಗಳು ಕಾಣದ ಊರಿನ ಕೆಲಸವನ್ನು ಒಪ್ಪಿಕೊಂಡರೆ ತಾಯಿಗೆ ನಿದ್ರೆಯಿಲ್ಲ, ತಂದೆಗೆ ಊಟ ಸೇರದು. ಇದಕ್ಕೆಲ್ಲ ಪ್ರೀತಿಯೇ ಕಾರಣವೆಂಬುದು ನಿಜ. ಆದರೆ ಎಡವದಂತೆ ಸದಾ ಎತ್ತಿಕೊಂಡೇ ನಡೆದರೆ ಮಗುವಿಗೆ ಎದ್ದು ನಿಲ್ಲುವ ಬಗೆ ತಿಳಿಯುವುದೆಂತು? ಹಿರಿಯರು ಮಕ್ಕಳಿಗೆ ಬಿಟ್ಟುಹೋಗುವ ಮನೆ, ನಿವೇಶನ, ಠೇವಣಿಗಳೆಲ್ಲ ಒಂದಲ್ಲ ಒಂದು ದಿನ ಕರಗಿಯಾವು. ಸೋಲಿನ ಮರುದಿನ ಮಾಡಬೇಕಾದ ಕೆಲಸವೇನೆಂಬ ತಿಳಿವು ಕರಗುವ ಆಸ್ತಿಯಲ್ಲ.

ಅದನ್ನು ಕಲಿಸಲು ಉಪದೇಶ ಬೇಡ. ಬಿದ್ದ ಮಗು ಅಳುವ ಮೊದಲು ಒಂದು ಗಳಿಗೆ ತಾಯಿಯ ಮುಖವನ್ನು ನೋಡುತ್ತದೆ. ಅಲ್ಲಿ ಗಾಬರಿ ಕಂಡರೆ ಅಳು ಹೆಚ್ಚುತ್ತದೆ. ಧೈರ್ಯದ ನಗೆ ಕಂಡರೆ ಮೊಣಕಾಲಿನ ಧೂಳನ್ನು ಕೊಡವಿಕೊಂಡು ಮತ್ತೆ ಆಟಕ್ಕೆ ಓಡುತ್ತದೆ.