ದುಡಿದ ಕೈಗೇ ಕಳ್ಳನೆಂಬ ಹೆಸರು

ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಒಬ್ಬ ತಾಯಿ ಬಿಕ್ಕಿ ಬಿಕ್ಕಿ ಅತ್ತರು. ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ಹಣ ಕದ್ದನೆಂದು ಅವರ ಹದಿನೈದು ವರ್ಷದ ಮಗ ಸಿಕ್ಕಿಬಿದ್ದಿದ್ದ. ಅಕ್ಕನ ವರದಕ್ಷಿಣೆಗೆಂದು ಆ ಮಾಲೀಕನಿಂದ ತಂದ ಮುಂಗಡ ತೀರಿಸಲು ಹನ್ನೊಂದನೇ ವಯಸ್ಸಿಗೇ ಅವನನ್ನು ಅಲ್ಲಿ ಬಿಟ್ಟಿದ್ದರು. ನಾಲ್ಕು ವರ್ಷ ಲೋಟ ತೊಳೆದವನ ಕೈಗೆ ಒಂದು ಪೈಸೆ ಸಂಬಳ ಬಂದಿರಲಿಲ್ಲ.

ದುಡಿಯುವ ಮಕ್ಕಳೆಲ್ಲ ದಾರಿ ತಪ್ಪುವುದಿಲ್ಲ, ನಿಜ. ಆದರೆ ಶಾಲೆ ಬಿಟ್ಟು, ಹೊಡೆತ ತಿಂದು, ದೊಡ್ಡವರ ಕುಡಿತ-ಜೂಜಿನ ನಡುವೆ ಬೆಳೆಯುವ ಹುಡುಗನಿಗೆ ಒಳ್ಳೆಯದು ಕೆಟ್ಟದ್ದು ಹೇಳುವವರು ಯಾರು? ಇಷ್ಟು ವರ್ಷ ಪಾಠ ಹೇಳಿದ ನಾನು ಹುಟ್ಟುಕಳ್ಳನಾದ ಮಗುವನ್ನು ಕಂಡಿಲ್ಲ.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಕಾನೂನು ಮೀರಿ ದುಡಿಸಲ್ಪಡುವ ಮಗು ರಕ್ಷಣೆ ಬೇಕಾದ ಮಗು. ಅದಕ್ಕಾಗಿ ಮಕ್ಕಳ ಕಲ್ಯಾಣ ಸಮಿತಿ ಇದೆ. ಅದೇ ಮಗು ಕದ್ದರೆ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕು. ಮೊದಲ ಬಾಗಿಲನ್ನು ನಾವು ಯಾರೂ ತಟ್ಟಲಿಲ್ಲ. ಆದ್ದರಿಂದಲೇ ಅವನು ಎರಡನೆಯದಕ್ಕೆ ಹೋದ. 14 ತುಂಬದವನನ್ನು ಹೋಟೆಲಿನಲ್ಲಿ ದುಡಿಸಿದ್ದೂ ಅಪರಾಧವೇ, ಮಾಲೀಕನನ್ನು ಕೇಳಿದವರಿಲ್ಲ.

ಸೋದರಿಯರೇ, ಮೂರು ಮಾತು ನೆನಪಿಡಿ. ಮಗುವನ್ನು ಒತ್ತೆಯಿಟ್ಟು ತಂದ ಮುಂಗಡವನ್ನು ತೀರಿಸಬೇಕಾಗಿಲ್ಲ. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಅಂಥ ಸಾಲವನ್ನೇ ರದ್ದು ಮಾಡಿದೆ. ಆರೋಪ ಹೊತ್ತ ಮಗುವನ್ನು ಪೊಲೀಸ್ ಲಾಕಪ್ಪಿಗೆ ಹಾಕುವಂತಿಲ್ಲ. ದುಡಿಯುವ ಮಗು ಕಂಡರೆ 1098ಕ್ಕೆ ಫೋನು ಮಾಡಿ.

ವರದಕ್ಷಿಣೆ ಮಗಳೊಬ್ಬಳನ್ನೇ ಸುಡುವುದಿಲ್ಲ. ಆ ಮನೆಯಲ್ಲಿ ಅದು ಮಗನನ್ನೂ ಸುಟ್ಟಿತು. ವರದಕ್ಷಿಣೆಗೆ ಸಾಲ ಕೊಡುವುದಿಲ್ಲ, ಮಕ್ಕಳನ್ನು ಕೆಲಸಕ್ಕೆ ಬಿಡುವುದಿಲ್ಲ ಎಂದು ಮುಂದಿನ ಸಭೆಯಲ್ಲೇ ನಿಮ್ಮ ಸಂಘದ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.